ಏರಿಯ ಮೇಲೆ ಎದುರು ಬಂದ ಗುರುತು

ಸೇತುವೆಯ ಒಂದು ಕಂಬ ಕುಸಿದು, ಊರಿನಿಂದ ಆಸ್ಪತ್ರೆಗೆ ಹೋಗುವ ಟಾರು ರಸ್ತೆ ಮುಚ್ಚಿದಾಗ ಎಲ್ಲರಿಗಿಂತ ಹೆಚ್ಚು ಪೇಚಿಗೆ ಸಿಕ್ಕಿದವಳು ಕೈಕಾಲು ಮೇಡಂ. ಅದು ವಾರ್ಡಿನ ರೋಗಿಗಳು ಅವಳಿಗಿಟ್ಟ ಹೆಸರು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಿರುವವರ ಆಸ್ಪತ್ರೆ ಅದು. ಬೆನ್ನಿಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಎಚ್ಚರ ತಪ್ಪಿ ಮತ್ತೆ ಎಚ್ಚರವಾಗದೆ ಉಳಿದವರು. ಅವರ ಕೈ ಎತ್ತಿಸಿ, ಕಾಲು ಮಡಿಸಿ, ಕೀಲು ಹಿಡಿಯದಂತೆ, ಮಾಂಸ ಕರಗದಂತೆ ನೋಡಿಕೊಳ್ಳುವುದು ಅವಳ ಕೆಲಸ. "ಕೈ ಎತ್ತಿ, ಕಾಲು ಮಡಿಸಿ ಅನ್ನೋದು ಬಿಟ್ರೆ ಈಯಮ್ಮನಿಗೆ ಬೇರೆ ಮಾತೇ ಬರಲ್ಲ" ಎಂದು ಯಾರೋ ಮುದುಕ ಗೊಣಗಿದ್ದು ಹೆಸರಾಗಿ ನಿಂತುಬಿಟ್ಟಿತ್ತು.

ಬಸ್ಸಿನ ಸುತ್ತುದಾರಿ ಹಿಡಿದರೆ ಅರ್ಧ ಬೆಳಗ್ಗೆ ಅದಕ್ಕೇ ಹೋಗುತ್ತಿತ್ತು. ಉಳಿದದ್ದು ಕಾಲುವೆ ಏರಿ. ಒಂದು ಕಡೆ ಹಸಿರುಗಟ್ಟಿದ ನೀರು, ಇನ್ನೊಂದು ಕಡೆ ಕೆಲಸ ನಿಂತುಹೋದ ಇಟ್ಟಿಗೆ ಗೂಡುಗಳು, ನಡುವೆ ಒಂದಾಳು ಹೋಗುವಷ್ಟು ಜೇಡಿಮಣ್ಣಿನ ದಾರಿ. ಅವಳ ಸೈಕಲ್ಲು ಹೈಬ್ರಿಡ್ ಜಾತಿಯದು. "ಅತ್ತ ರೇಸಿಗೂ ಸಲ್ಲ, ಇತ್ತ ಗುಡ್ಡಕ್ಕೂ ಸಲ್ಲ, ಥೇಟ್ ನನ್ನ ಹಾಗೆ" ಎಂದು ಗಂಡ ತಮಾಷೆ ಮಾಡುತ್ತಿದ್ದ. ಅದರ ನಯವಾದ, ಸಣಕಲು ಟೈರುಗಳು ಟಾರಿನ ಮೇಲೆ ಎಣ್ಣೆ ಹಚ್ಚಿದ ಹಾಗೆ ಓಡುತ್ತಿದ್ದವು. ಜೇಡಿಮಣ್ಣಿನ ಮೇಲೆ ಮಾತ್ರ ಸೋಪಿನ ಮೇಲೆ ಕಾಲಿಟ್ಟ ಹಾಗೆ. ಮೊದಲ ದಿನವೇ ಮೊಣಕೈ ತರಚಿಕೊಂಡು, ಮೈಯೆಲ್ಲ ಕೆಸರಾಗಿ ವಾರ್ಡಿಗೆ ಬಂದಳು. "ಇವತ್ತು ನೀವು ಕೈ ಎತ್ತಿ ಮೇಡಂ, ನಾವು ನೋಡ್ತೀವಿ" ಎಂದು ಮಂಚಗಳಿಂದ ನಗು ಎದ್ದಿತು.

ಎರಡನೆಯ ದಿನದಿಂದ ಅವಳನ್ನು ಕಾಪಾಡಿದ್ದು ಒಂದು ಗುರುತು.

ಏರಿ ಹತ್ತಿದ ಸ್ವಲ್ಪ ದೂರಕ್ಕೇ ಅದು ಕಣ್ಣಿಗೆ ಬಿತ್ತು. ಹಸಿ ಮಣ್ಣಿನಲ್ಲಿ ಅಚ್ಚೊತ್ತಿದ ಹಾಗೆ ಸೈಕಲ್ ಟೈರಿನ ಗೆರೆ. ನಡುವೆ ಬಾಣದ ತುದಿಯಂಥ ಗುಬ್ಬಿಗಳು, ಅಂದರೆ ರಬ್ಬರಿನ ಉಬ್ಬುಗಳು ಒತ್ತಿದ ಸಾಲು, ಅಂಚಿನಲ್ಲಿ ಚೌಕ ಚೌಕದ ಕಟ್ಟೆ. ಎಲ್ಲೂ ಜಾರಿಲ್ಲ, ತಡವರಿಸಿಲ್ಲ. ಹುಲ್ಲು ಗಟ್ಟಿಯಿರುವ ಕಡೆ ಹುಲ್ಲಿಗೆ, ಕಲ್ಲಿರುವ ಕಡೆ ಕಲ್ಲಿಗೆ, ಮಣ್ಣು ಮೋಸ ಮಾಡುವ ಕಡೆ ಅದನ್ನು ಬಳಸಿಕೊಂಡು ಸಾಗಿತ್ತು. ದಾರಿಯ ಮರ್ಮ ಬಲ್ಲವನು ಯಾರೋ ಮುಂದೆ ಹೋಗಿದ್ದಾನೆ ಅಂದುಕೊಂಡು ಅವಳು ಅದೇ ಗೆರೆಯ ಮೇಲೆ ಚಕ್ರ ಇಟ್ಟಳು. ಬೀಳಲಿಲ್ಲ. ಮರುದಿನವೂ ಗುರುತು ಇತ್ತು, ಅದರ ಮರುದಿನವೂ. ಪ್ರತಿ ಸಲವೂ ಹೊಸದು. ಗುಬ್ಬಿ ಒತ್ತಿದ ಗುಳಿಗಳಿಗೆ ಆಗಷ್ಟೇ ನೀರು ಜಿನುಗುತ್ತಿರುತ್ತಿತ್ತು. ಅವನು ಮಾತ್ರ ಕಣ್ಣಿಗೆ ಬಿದ್ದವನಲ್ಲ. ಎಷ್ಟು ಬೇಗ ಹೊರಟರೂ ತನಗಿಂತ ಒಂದು ತಿರುವು ಮುಂದಿರುತ್ತಿದ್ದ.

"ಯಾರೋ ಪುಣ್ಯಾತ್ಮ" ಎಂದಳು ಗಂಡನಿಗೆ. "ಅವನ ಟೈರಿನಂಥದ್ದೇ ನಂಗೂ ಬೇಕು."

"ಅವನ್ನೇ ನಿಲ್ಲಿಸಿ ಕೇಳು."

"ಸಿಕ್ಕರೆ ತಾನೆ?"

ಹಾಗಾಗಿ ಒಂದು ಬೆಳಗ್ಗೆ ಗುರುತಿನ ಪಕ್ಕ ಸೈಕಲ್ಲು ನಿಲ್ಲಿಸಿ, ತನ್ನ ಮುಂದಿನ ಚಕ್ರವೂ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ರಜೆಯ ದಿನ ಸೈಕಲ್ ಅಂಗಡಿಗೆ ಹೋದಳು.

ಅಂಗಡಿಯವನನ್ನು ಊರೆಲ್ಲ ಪಂಪಣ್ಣ ಅನ್ನುತ್ತಿತ್ತು. ಹೆಸರಿಗೆ ತಕ್ಕ ಹಾಗೆ ಮಾತಾಡುವಾಗ ಉಸಿರು ಎಳೆದು ಬಿಡುತ್ತಿದ್ದ ದಪ್ಪನೆಯ ಆಳು. ಅವಳ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಚಕ್ರ ತಿರುಗಿಸಿದ.

"ಎಷ್ಟು ದಪ್ಪದ್ದು ಹಾಕೋಣ ಮೇಡಂ?"

"ಎಷ್ಟು ದಪ್ಪ ಹಿಡಿಯುತ್ತೋ ಅಷ್ಟು ಹಾಕಿ."

"ಹಾಗೆಲ್ಲ ಆಗಲ್ಲ. ಕಾಲು ನೋಡಿ ಚಪ್ಪಲಿ ತಗೋಬೇಕು." ಟೈರಿಗೂ ಫ್ರೇಮಿಗೂ ನಡುವೆ ಕಿರುಬೆರಳು ತೂರಿಸಿದ. "ಇಲ್ಲಿ ಈ ಬೆರಳಷ್ಟು ಜಾಗ ಉಳೀಲೇಬೇಕು. ಇಲ್ಲಾಂದ್ರೆ ಕೆಸರು ಕಚ್ಕೊಂಡು ಚಕ್ರಾನೇ ನಿಂತುಬಿಡುತ್ತೆ. ಬೆಟ್ಟದ ಸೈಕಲ್ಲಿನ ಟೈರು ಇದಕ್ಕೆ ಹಿಡಿಯಲ್ಲ. ಅದಕ್ಕಿಂತ ಒಂದು ಅಳತೆ ಸಣ್ಣದು, ಈಗಿರೋದಕ್ಕಿಂತ ದಪ್ಪದ್ದು ಹಾಕೋಣ. ಮಡ್‌ಗಾರ್ಡ್ ಬಿಚ್ಚಬೇಕಾಗಬಹುದು."

ಒಂದೊಂದಾಗಿ ಟೈರುಗಳನ್ನು ತಂದು ಅವಳ ಕೈಗೆ ಕೊಟ್ಟ. ಒಂದರ ಗುಬ್ಬಿಗಳು ಒತ್ತೊತ್ತಾಗಿದ್ದವು. "ಇದು ಒಣ ಮಣ್ಣಿಗೆ ಚಿನ್ನ. ಜೇಡಿ ಮಣ್ಣು ಸಂದಿಗೆ ತುಂಬಿದ್ರೆ ನಿಮ್ಮ ಹಳೇ ಟೈರೂ ಇದೂ ಒಂದೇ." ಇನ್ನೊಂದರ ಗುಬ್ಬಿಗಳು ಹೆಬ್ಬೆರಳಿನ ಗಾತ್ರ. "ಇದು ಎಲ್ಲೂ ಜಾರಲ್ಲ, ಆದರೆ ಟಾರಿನ ಮೇಲೆ ಗುಂಯ್ ಅಂತ ಊರಿಗೆಲ್ಲ ಕೇಳುತ್ತೆ. ಸಂಜೆ ಹೊತ್ತಿಗೆ ನಿಮ್ಮ ತೊಡೆಗೆ ನೀವೇ ಮಾಲೀಶು ಮಾಡ್ಕೋಬೇಕು." ಮೂರನೆಯದರಲ್ಲಿ ನಡುವೆ ಸಣ್ಣ ಗುಬ್ಬಿ, ಅಂಚಿಗೆ ದೊಡ್ಡವು, ನಡುನಡುವೆ ಬಿಡುವು. "ಇದು ಹತ್ತಿದ ಮಣ್ಣನ್ನ ತಾನೇ ಒದರ್ಕೊಳ್ಳುತ್ತೆ. ಟಾರಿನ ಮೇಲೆ ಸ್ವಲ್ಪ ಗುಂಯ್ ಅನ್ನುತ್ತೆ, ಅಷ್ಟೆ. ನಿಮಗೆ ಇದೇ ಸರಿ."

"ಇಂಥದ್ದು ಇದೆಯಾ?" ಎಂದು ಅವಳು ಮೊಬೈಲು ತೋರಿಸಿದಳು.

ಪಂಪಣ್ಣ ಫೋಟೋವನ್ನು ಕಣ್ಣ ಹತ್ತಿರ ತಂದು ನೋಡಿದ. ಎಳೆದುಕೊಂಡ ಉಸಿರು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಇದನ್ನ ಈಗ ಯಾರೂ ತರಿಸಲ್ಲ. ಎಲ್ಲಿ ತೆಗೆದಿರಿ?"

"ಕಾಲುವೆ ಏರಿ ಮೇಲೆ. ದಿನಾ ಬೆಳಗ್ಗೆ ಯಾರೋ ನನ್ನ ಮುಂದೆ ಹೋಗ್ತಾರೆ."

"ಮುಂದೆ ಹೋಗ್ತಿಲ್ಲ ಮೇಡಂ." ಅವನು ದನಿ ತಗ್ಗಿಸಿದ. "ಎದುರಿಗೆ ಬರ್ತಿದಾರೆ."

ಅವಳಿಗೆ ಅರ್ಥವಾಗಲಿಲ್ಲ. ಅವನು ಒಳಗಿನಿಂದ ಬಾಣದ ಗುಬ್ಬಿಯ ಬೇರೊಂದು ಟೈರು ತಂದು, ನೀರಲ್ಲಿ ಅದ್ದಿ, ಸಿಮೆಂಟ್ ನೆಲದ ಮೇಲೆ ಉರುಳಿಸಿದ. "ನೋಡಿ, ಇಂಥ ಟೈರಿಗೆ ಹಿಂದುಮುಂದು ಅಂತ ಇರುತ್ತೆ. ಈ ನಮೂನೆಯದಕ್ಕೆ ಬಾಣದ ಮೊನೆ ಹೋಗೋ ಕಡೆಗೇ ಬೀಳುತ್ತೆ. ನಿಮ್ಮ ಫೋಟೋದಲ್ಲಿ ನಿಮ್ಮ ಚಕ್ರ ಆಸ್ಪತ್ರೆ ಕಡೆ ಮುಖ ಮಾಡಿದೆ. ಬಾಣ ಊರಿನ ಕಡೆಗಿದೆ."

"ಟೈರನ್ನ ತಿರುಗಾಮುರುಗಾ ಹಾಕಿದ್ರೆ?"

"ಹಿಂದಿನ ಚಕ್ರಕ್ಕೆ ಕೆಲವರು ಹಾಗೆ ಹಾಕ್ತಾರೆ, ಹಿಡಿತ ಸಿಗಲಿ ಅಂತ. ಆದರೆ ಇಲ್ಲಿ ತಿರುವಿನಲ್ಲಿ ಎರಡು ಚಕ್ರದ ಗೆರೆಯೂ ಬೇರೆಬೇರೆ ಬಿದ್ದಿದೆ. ಎರಡರದ್ದೂ ಬಾಣ ಒಂದೇ ಕಡೆ."

ಅವಳು ಫೋಟೋ ನೋಡುತ್ತ ನಿಂತಳು. ಗುಳಿಗಳಲ್ಲಿ ಆಗತಾನೆ ತುಂಬುತ್ತಿದ್ದ ನೀರು ಹೊಳೆಯುತ್ತಿತ್ತು. ಏರಿಗೆ ಅಡ್ಡದಾರಿ ಇಲ್ಲ. ಅಷ್ಟು ಹೊಸ ಗುರುತು ಬಿಟ್ಟು ಎದುರಿಗೆ ಬಂದವನು ತನ್ನನ್ನು ದಾಟಿಕೊಂಡೇ ಹೋಗಿರಬೇಕು. ಮೊಳದಗಲದ ದಾರಿಯಲ್ಲಿ, ಮೈಗೆ ಮೈ ತಗಲುವಷ್ಟು ಹತ್ತಿರ, ದಿನಾ.

"ಈ ಟೈರು ನಾನು ಮಾರಿದ್ದು ಒಬ್ಬರಿಗೇ" ಎಂದ ಪಂಪಣ್ಣ. "ನಿಮ್ಮ ಆಸ್ಪತ್ರೆ ಬಾಯ್ಲರ್‌ನವರಿಗೆ, ಒಲೆಗೆ ಕಲ್ಲಿದ್ದಲು ಹಾಕ್ತಿದ್ರಲ್ಲ, ಅವರಿಗೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಏರಿ ಮೇಲೇ ಮನೆಗೆ ಬರ್ತಿದ್ರು. ಟಾರು ರಸ್ತೆಗಿಂತ ಅದೇ ಹತ್ತಿರ ಅಂತ."

ತಲೆಯ ಮೇಲಿನ ಕೊಕ್ಕೆಗೆ ನೇತುಹಾಕಿದ ಹಳೆಯ ಸೈಕಲ್ಲೊಂದನ್ನು ಅವನು ಕಣ್ಣಲ್ಲೇ ತೋರಿಸಿದ. ಅವರ ಹೆಂಡತಿ ಮಾರಲು ಕೊಟ್ಟುಹೋದದ್ದು, ಗಿರಾಕಿ ಸಿಕ್ಕಿರಲಿಲ್ಲ. ಅವಳು ಸ್ಟೂಲು ಹತ್ತಿ ಮುಟ್ಟಿ ನೋಡಿದಳು. ಅದೇ ಬಾಣ, ಅದೇ ಚೌಕ. ಗಾಳಿ ಹೋಗಿ ರಬ್ಬರು ಬಿರಿದಿತ್ತು, ಕಡ್ಡಿಗಳ ನಡುವೆ ಜೇಡ ಬಲೆ ನೇಯ್ದಿತ್ತು. ಹಸಿಯ ಸುಳಿವೇ ಇರಲಿಲ್ಲ.

"ಬೇಕಿದ್ರೆ ಹುಡುಕಿ ತರಿಸಿಕೊಡ್ತೀನಿ ಅಂಥದ್ದೇ" ಎಂದ ಅವನು, ಮನಸ್ಸಿಲ್ಲದ ಮನಸ್ಸಿನಿಂದ.

"ಬೇಡ" ಎಂದಳು ಅವಳು. "ಆ ಮೂರನೇದೇ ಹಾಕಿ."

ಬಾಯ್ಲರ್‌ನವರು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೂಲೆಯ ಮಂಚದವರು. ಪಾಳಿ ಮುಗಿಸಿ ಆಸ್ಪತ್ರೆಯ ಗೇಟಿನಲ್ಲಿ ಸೈಕಲ್ಲು ಹತ್ತುವಾಗಲೇ ತಲೆಯಲ್ಲಿ ನರ ಒಡೆದು ಬಿದ್ದವರು. ಉಸಿರಿದೆ, ಎಚ್ಚರವಿಲ್ಲ. ದಿನಾ ಬೆಳಗ್ಗೆ ಅವಳು ಮೊದಲು ಹಿಡಿಯುತ್ತಿದ್ದದ್ದು ಅವರ ಕಾಲುಗಳನ್ನೇ.

ಆ ಕಾಲುಗಳದ್ದೇ ಒಂದು ವಿಚಿತ್ರ ಇತ್ತು. ಹಾಸಿಗೆ ಹಿಡಿದವರ ತೊಡೆ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಅವಳೆಷ್ಟು ತಿಕ್ಕಿದರೂ, ಮಡಿಸಿದರೂ ಇಳಿಯುವುದನ್ನು ನಿಧಾನ ಮಾಡಬಹುದೇ ಹೊರತು ತಡೆಯಲಾಗುವುದಿಲ್ಲ. ಬಾಯ್ಲರ್‌ನವರ ತೊಡೆ ಇಳಿದಿರಲಿಲ್ಲ. ಮೀನಖಂಡ ಕಲ್ಲಿನ ಹಾಗಿತ್ತು. ಬೆಳಗ್ಗೆ ಮುಟ್ಟಿದರೆ ಬೆಚ್ಚಗೆ, ಬಿಗಿದುಕೊಂಡು, ಈಗಷ್ಟೇ ದೂರದಿಂದ ಸೈಕಲ್ಲು ತುಳಿದು ಬಂದವರ ಕಾಲಿನ ಹಾಗೆ. ಹಿಂದೊಮ್ಮೆ ಡಾಕ್ಟರಿಗೆ ಹೇಳಿದ್ದಳು. "ನಿಮ್ಮ ಕೈಗುಣ" ಎಂದು ನಕ್ಕಿದ್ದರು ಅವರು. ಅವಳೂ ಹೊಗಳಿಕೆಗೆ ಉಬ್ಬಿ ಸುಮ್ಮನಾಗಿದ್ದಳು.

ರಜೆ ಮುಗಿದು ಬಂದ ದಿನ ಆ ಕಾಲನ್ನು ಕೈಗೆತ್ತಿಕೊಳ್ಳುವ ಮೊದಲು ಅವಳು ಅಂಗಾಲಿನಲ್ಲಿ ಮಣ್ಣಿದೆಯೇ ಎಂದು ನೋಡಿದಳು. ಇರಲಿಲ್ಲ.

ಮಧ್ಯಾಹ್ನ ಅವರ ಹೆಂಡತಿ ಬಂದಳು. ಹೊಲಿಗೆ ಕೆಲಸದ, ಸಣ್ಣ ಆಳಿನ ಹೆಂಗಸು. ಸೆರಗಿನ ತುದಿಯಲ್ಲಿ ಯಾವಾಗಲೂ ಒಂದೆರಡು ನೂಲಿನ ಎಳೆ ಅಂಟಿಕೊಂಡಿರುತ್ತಿತ್ತು. ಗಂಡನ ಮುಖ ಒರೆಸಿ, ಉಗುರು ಕತ್ತರಿಸಿ, ಪಕ್ಕದಲ್ಲಿ ಕೂತು ಗುಂಡಿ ಹೊಲಿಯುವುದು ಅವಳ ದಿನಚರಿ.

"ಅಕ್ಕಾ, ದಿನಾ ಏರಿ ಮೇಲಿಂದ ಬರ್ತೀರಾ?" ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದಳು ಮೇಡಂ.

"ಇಲ್ಲಮ್ಮ. ನಾನೀಗ ಇಲ್ಲೇ ಆಸ್ಪತ್ರೆ ಹಿಂದುಗಡೆ ತಂಗಿ ಮನೇಲಿದೀನಿ. ಊರಲ್ಲಿರೋ ನಮ್ಮ ಮನೆಗೆ ಬೀಗ ಹಾಕಿ ಎಷ್ಟೋ ಕಾಲ ಆಯ್ತು. ಇವರಿಗೆ ಹತ್ತಿರ ಇರೋಣ ಅಂತ."

ರಾತ್ರಿ ಗಂಡನಿಗೆ ಎಲ್ಲ ಹೇಳಿದಾಗ ಅವನು, "ಅಂಥ ಟೈರು ಬೇರೆ ಊರಲ್ಲೂ ಸಿಗುತ್ತೆ. ಹಗ್ಗ ನೋಡಿ ಹಾವು ಅನ್ನಬೇಡ" ಎಂದ. ಅವಳು ಹೌದೆಂದಳು. ಹೌದೆಂದದ್ದು ಬಾಯಿ ಮಾತ್ರ.

ಮರುದಿನ ಮಂಜು ಕವಿದಿತ್ತು. ಹೊಸ ಟೈರುಗಳು ಮಣ್ಣನ್ನು ಹಿಡಿದು ಹಿಡಿದು ಬಿಡುತ್ತ ಚೆನ್ನಾಗಿ ಓಡುತ್ತಿದ್ದವು. ಇಟ್ಟಿಗೆ ಗೂಡುಗಳ ಹತ್ತಿರ ಬಂದಾಗ ಅವಳಿಗೆ ಒಂದು ಸಂಗತಿ ಹೊಳೆಯಿತು: ಇವತ್ತು ದಾರಿಯಲ್ಲಿ ಇನ್ನೂ ಗುರುತಿಲ್ಲ. ಎಂದಿಗಿಂತ ಬೇಗ ಹೊರಟಿದ್ದಳು. ಬ್ರೇಕು ಹಿಡಿದು, ಒಂದು ಕಾಲು ಊರಿ ನಿಂತಳು.

ಮಂಜಿನೊಳಗಿಂದ ಗುಂಯ್ ಎಂಬ ಸಣ್ಣ ಸದ್ದು ಬಂತು. ಗುಬ್ಬಿ ಟೈರು ಕಲ್ಲಿನ ಮೇಲೆ ಉರುಳುವ ಸದ್ದು. ಆಮೇಲೆ ಅದೇ ಸದ್ದು ಮಣ್ಣಿಗಿಳಿದು ಪಚಪಚ ಎಂದಿತು. ಹತ್ತಿರವಾಯಿತು. ಅವಳು ಸೈಕಲ್ಲನ್ನು ಎಳೆದುಕೊಂಡು ಏರಿಯ ಅಂಚಿಗೆ ಒತ್ತರಿಸಿ ನಿಂತಳು. ಹಾಗೆ ದಾರಿ ಬಿಟ್ಟದ್ದು ಭಯದಿಂದಲೋ ಅಭ್ಯಾಸದಿಂದಲೋ ಅವಳಿಗೇ ತಿಳಿಯಲಿಲ್ಲ. ಎದುರಿನ ಬೋಳು ಮಣ್ಣಿನಲ್ಲಿ, ಅವಳು ನೋಡುತ್ತಿದ್ದ ಹಾಗೇ, ಬಾಣದ ಗುಬ್ಬಿಗಳು ಒಂದಾದ ಮೇಲೊಂದು ಒತ್ತಿಕೊಳ್ಳುತ್ತ ಬಂದವು. ಮೇಲೆ ಏನೂ ಇಲ್ಲ. ಬರಿಯ ಮಂಜು. ಒದ್ದೆ ರಬ್ಬರಿನ ವಾಸನೆ, ಕಲ್ಲಿದ್ದಲ ಹೊಗೆಯ ವಾಸನೆ. ಪಕ್ಕದಲ್ಲಿ ಗಾಳಿ ಹಾದುಹೋಗಿ ಅವಳ ಬಲಗಡೆಯ ಬಟ್ಟೆಗೆ ಕೆಸರು ಸಿಡಿಯಿತು.

ಓಡಬೇಕಿತ್ತು, ಇಲ್ಲ ಕಿರುಚಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಮನೆಗೆ ಬೀಗ ಹಾಕಿದೆ, ಅಣ್ಣಾ. ಅಲ್ಲಿ ಯಾರೂ ಇಲ್ಲ."

ಅವಳ ಹಿಂದೆ ಬ್ರೇಕು ಕಿರ್ರೆಂದಿತು.

ತಿರುಗಿ ನೋಡಿದಳು. ಗೆರೆ ಅಲ್ಲಿಗೇ ನಿಂತಿತ್ತು. ಅದರ ಪಕ್ಕದ ಮಣ್ಣಿನಲ್ಲಿ, ಸವಾರ ಸೈಕಲ್ಲು ನಿಲ್ಲಿಸಿ ಕಾಲೂರಿದಾಗ ಬೀಳುವಂಥದ್ದು, ಒಂದೇ ಒಂದು ಹೆಜ್ಜೆಯ ಗುರುತು ನಿಧಾನವಾಗಿ ಕೆಳಗೆ ಇಳಿಯಿತು. ದಪ್ಪ ಅಟ್ಟೆಯ ಬೂಟಿನದು. ಸ್ವಲ್ಪ ಹೊತ್ತು ಹಾಗೇ ಇತ್ತು. ಯಾರೋ ನಿಂತು ಯೋಚಿಸುತ್ತಿರುವ ಹಾಗೆ. ಆಮೇಲೆ ಹೆಜ್ಜೆಯ ಗುಳಿಗೆ ನೀರು ತುಂಬಿತು. ಗೆರೆ ಮುಂದಕ್ಕೆ, ಊರಿನ ಕಡೆಗೇ ಬೆಳೆಯಿತು.

ವಾರ್ಡಿಗೆ ಹೇಗೆ ಬಂದು ಮುಟ್ಟಿದಳೋ ದೇವರಿಗೇ ಗೊತ್ತು. ಮೂಲೆಯ ಮಂಚದ ಹತ್ತಿರ ಹೋಗಲು ಧೈರ್ಯ ಬಾರದೆ ಉಳಿದವರನ್ನೆಲ್ಲ ಮೊದಲು ಮುಗಿಸಿದಳು. ಕೊನೆಗೆ ಹೋಗಿ ಹೊದಿಕೆ ಸರಿಸಿದಾಗ ಕಾಲುಗಳು ಎಂದಿನ ಹಾಗೆ ಬೆಚ್ಚಗಿದ್ದವು. ಮುಖದಲ್ಲಿ ಮಾತ್ರ, ಹುಬ್ಬಿನ ನಡುವೆ, ಹಿಂದಿನ ದಿನ ಇಲ್ಲದ ಒಂದು ಗೆರೆ ಕಂಡಿತು.

ಹೇಳಿದರೆ ಹುಚ್ಚಿ ಅನ್ನಿಸಿಕೊಳ್ಳುತ್ತೇನೆ; ಹೇಳದಿದ್ದರೆ ನಾಳೆ ಬೆಳಗ್ಗೆ ಮತ್ತೆ ಅವರು ಆ ಬೀಗದ ಎದುರು ಹೋಗಿ ನಿಲ್ಲುತ್ತಾರೆ ಅಂದುಕೊಂಡಳು. ಮಧ್ಯಾಹ್ನ ಹೆಂಡತಿ ಬಂದು ಸೂಜಿಗೆ ನೂಲು ಪೋಣಿಸುತ್ತಿದ್ದಾಗ ಮೇಡಂ ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಗುರುತು, ಬಾಣ, ಹೆಜ್ಜೆ, ಎಲ್ಲ.

ಹೆಂಗಸು ಹೆದರಲಿಲ್ಲ, ಅಳಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಹಾಗಾದ್ರೆ ಇಷ್ಟು ದಿನ ಬೀಗ ನೋಡ್ಕೊಂಡು ವಾಪಸ್ ಬರ್ತಿದ್ರಾ?" ಎಂದಳು. ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೋ ತಿಳಿಯದ ಸಿಟ್ಟು. "ನಾನಿಲ್ಲಿ ಇವರ ಮುಖ ಒರೆಸ್ತಾ ಕೂತಿದ್ರೆ ಇವರು ಅಲ್ಲಿ ಹೊಸ್ತಿಲಲ್ಲಿ ನಿಂತ್ಕೊಂಡಿದ್ರು. ಒಂದು ಮಾತು ಹೇಳಬಾರದಿತ್ತಾ ರೀ?" ಅದು ಮಂಚದ ಮೇಲಿದ್ದವರಿಗೆ ಹೇಳಿದ್ದು.

ಗುಂಡಿ ಹೊಲಿಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು.

ಮರುದಿನ ಬೆಳಗ್ಗೆ ಮೇಡಂ ಏರಿಯ ಮೇಲೆ ಗುರುತು ಕಂಡಳು. ಎಂದಿನದಕ್ಕಿಂತ ಆಳವಾಗಿ ಒತ್ತಿತ್ತು, ತುಳಿದು ತುಳಿದು ಬಂದವರ ಹಾಗೆ. ಸಂಜೆ ಮನೆಗೆ ಮರಳುವಾಗ ಬಾಯ್ಲರ್‌ನವರ ಮನೆ ಎಲ್ಲೆಂದು ಕೇಳಿಕೊಂಡು ಆ ಓಣಿಯಲ್ಲಿ ಹಾದುಬಂದಳು. ಬೀಗ ತೆಗೆದಿತ್ತು, ಕಿಟಕಿಗಳೆಲ್ಲ ತೆರೆದಿದ್ದವು. ಬಾಗಿಲ ಮುಂದಿನ ಮೆಟ್ಟಿಲಿನಿಂದ ಒಳಗಿನ ನಡುಮನೆಯವರೆಗೆ ಒಣಗಿದ ಜೇಡಿಮಣ್ಣಿನ ಗೆರೆ. ಬಾಣದ ತುದಿಗಳೆಲ್ಲ ಒಳಮುಖ. ಹೊರಮುಖವಾದದ್ದು ಒಂದೂ ಇರಲಿಲ್ಲ. ಹೆಂಗಸು ಹೊಸ್ತಿಲಲ್ಲಿ ಕೂತಿದ್ದಳು, ಕೈಯಲ್ಲಿ ಪೊರಕೆ ಇತ್ತು, ಗುಡಿಸಿರಲಿಲ್ಲ. ಮೇಡಂನ ನೋಡಿ ತಲೆದೂಗಿದಳು, ಕರೆಯಲಿಲ್ಲ.

ಅಂದಿನಿಂದ ಏರಿ ಬೋಳಾಯಿತು. ಯಾವ ಬೆಳಗ್ಗೆಯೂ ಗುರುತಿಲ್ಲ. ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಅವಳೇ ಹುಡುಕಿಕೊಂಡು ಹೋದಳು. ಪಂಪಣ್ಣನ ಟೈರು ಮೋಸ ಮಾಡಲಿಲ್ಲ.

ವಾರ್ಡಿನಲ್ಲಿ ಮಾತ್ರ ಬೇರೆಯೇ ಆಯಿತು. ಬಾಯ್ಲರ್‌ನವರ ಕಾಲುಗಳು ಬೆಳಗ್ಗೆ ಮುಟ್ಟಿದರೆ ತಣ್ಣಗಿರತೊಡಗಿದವು. ಮೀನಖಂಡ ಹಿಟ್ಟಿನ ಹಾಗೆ ಮೆತ್ತಗಾಯಿತು. ತೊಡೆಗೆ ಸುತ್ತಿದ ಅಳತೆಪಟ್ಟಿ ಪ್ರತಿ ಸಲವೂ ಒಂದಿಷ್ಟು ಸಡಿಲವಾಗುತ್ತ ಬಂತು. ಉಸಿರು ಹಾಗೇ ಇತ್ತು, ನಾಡಿ ಹಾಗೇ ಇತ್ತು. ಡಾಕ್ಟರು ನೋಡಿ, "ಇಷ್ಟು ಕಾಲ ಇಳಿಯದೇ ಇದ್ದದ್ದೇ ಆಶ್ಚರ್ಯ. ಈಗ ಎಲ್ಲರ ಹಾಗೆ ಆಗಿದೆ ಬಿಡಿ" ಎಂದು ಮುಂದಿನ ಮಂಚಕ್ಕೆ ಹೋದರು.

ಹೆಂಡತಿ ಬರುವುದನ್ನೇ ನಿಲ್ಲಿಸಿದಳು. ವಾರ್ಡಿನವರು ಒಂದು ವಾರ ಕಾದರು, ಇನ್ನೊಂದು ವಾರ ಕಾದರು. ತಂಗಿ ಬಂದು, "ಅಕ್ಕ ಬರಲ್ಲ ಅಂತಾಳೆ, ನಾವೇನು ಮಾಡೋದು?" ಎಂದು ಬಟ್ಟೆ ಕೊಟ್ಟುಹೋದಳು. ಉಗುರು ಬೆಳೆದವು. ಮೇಡಂ ಕತ್ತರಿಸಿದಳು, ಅದು ತನ್ನ ಕೆಲಸವಲ್ಲದಿದ್ದರೂ. ನಾನು ಬಾಯಿ ಬಿಡದೆ ಇದ್ದಿದ್ದರೆ ಎಂಬ ಒಂದೇ ಯೋಚನೆ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ದಿನಾ ಎದುರು ಬರುತ್ತಿದ್ದವರು, ಮರಳಿದ ಗುರುತು ಕಾಣದಿದ್ದರೂ, ದಿನಾ ತಿರುಗಿ ಬರುತ್ತಲೂ ಇದ್ದರಲ್ಲ. ಬೀಗವೇ ಅವರನ್ನು ಈ ಮಂಚಕ್ಕೆ ಹಿಂದಕ್ಕೆ ಕಳಿಸುತ್ತಿತ್ತೇನೋ.

ತಡೆಯಲಾರದೆ ಒಂದು ಮಧ್ಯಾಹ್ನ ರಜೆ ಹಾಕಿ ಆ ಮನೆಗೆ ಹೋದಳು.

ಬಾಗಿಲು ತಟ್ಟುವ ಮೊದಲೇ ಅರ್ಧ ತೆರೆಯಿತು. ಹೆಂಗಸು ಮೈಕೈ ತುಂಬಿಕೊಂಡಿದ್ದಳು. ತಲೆ ಬಾಚಿ ಹೂವಿನಷ್ಟು ಹಗುರಾಗಿ ನಿಂತಿದ್ದಳು. ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಶ್! ಮೆಲ್ಲಗೆ. ಈಗಷ್ಟೇ ಮಲಗಿದ್ರು. ರಾತ್ರಿ ಪಾಳಿ ಮಾಡಿದವರಿಗೆ ಹಗಲು ನಿದ್ದೆ ಕೆಟ್ರೆ ಆಗಲ್ಲ."

"ಅಕ್ಕಾ…" ಎಂದಳು ಮೇಡಂ. "ಆಸ್ಪತ್ರೆಗೆ ಒಂದು ಸಲ ಬನ್ನಿ. ತುಂಬಾ ಇಳಿದುಹೋಗಿದಾರೆ. ನೀವು ಬಂದು ಒಂದು ಸಲ ನೋಡಿ."

"ಯಾರನ್ನ ನೋಡೋಕಮ್ಮ?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಅವಳ ಭುಜದ ಆಚೆ, ಪರದೆ ಎಳೆದ ಕೋಣೆಯ ಅರೆಗತ್ತಲಲ್ಲಿ ಒಂದು ಮಂಚದ ಕಾಲು ಕಾಣುತ್ತಿತ್ತು. ಅದರ ಕೆಳಗೆ ಕೆಸರು ಮೆತ್ತಿದ ದಪ್ಪ ಬೂಟುಗಳು, ಜೋಡಿಯಾಗಿ. ಮಂಚ ಕಿರುಗುಟ್ಟಿತು, ಭಾರದ ಮೈಯೊಂದು ಮಗ್ಗಲು ಬದಲಿಸಿದ ಸದ್ದು. ಆಮೇಲೆ ನಿದ್ದೆಗಣ್ಣಿನ ಒಂದು ಕೆಮ್ಮು.

"ನೋಡಿ, ಎಚ್ಚರ ಆಯ್ತು ಅಂತ ಕಾಣುತ್ತೆ" ಎಂದು ಹೆಂಗಸು ಗಡಿಬಿಡಿಯಿಂದ ಒಳಗೆ ಸರಿದಳು. ಬಾಗಿಲು ಸದ್ದಾಗದ ಹಾಗೆ ಮುಚ್ಚಿಕೊಂಡಿತು.

ಮೇಡಂ ಮೆಟ್ಟಿಲಿಳಿದು ಬಿಸಿಲಿಗೆ ಬಂದಳು. ಆಮೇಲೆ ಸೈಕಲ್ಲನ್ನು ಹಿಡಿದುಕೊಂಡಳು. ಆ ಓಣಿಗೆ ಹೊಸದಾಗಿ ಟಾರು ಹಾಕಿದ್ದರು. ಹತ್ತಿ ಹೊರಟರೆ ಗುಬ್ಬಿ ಟೈರು ಗುಂಯ್ ಎನ್ನುತ್ತದೆ, ಕಿಟಕಿ ಬೇರೆ ತೆರೆದೇ ಇದೆ. ಅವಳು ಹತ್ತಲಿಲ್ಲ. ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು, ಟಿಕಟಿಕ ಎನ್ನುವ ಹಿಂದಿನ ಚಕ್ರ ತಿರುಗದಂತೆ ಇನ್ನೊಂದರಲ್ಲಿ ಸೀಟು ಎತ್ತಿ, ಮುಂದಿನ ಚಕ್ರವೊಂದನ್ನೇ ಉರುಳಿಸಿಕೊಂಡು, ಓಣಿಯ ಕೊನೆಯವರೆಗೂ ಮೆಲ್ಲಗೆ ನಡೆದೇ ಹೋದಳು.